ಗಾಯ ಕಟ್ಟುವವನ ಕರ್ತವ್ಯ ಎಲ್ಲಿಯ ತನಕ?

ಊರಿನಲ್ಲಿ ಒಬ್ಬ ಹೆಂಗಸಿನ ಮೇಲಾಗಲಿ ಎಳೆಯ ಹುಡುಗಿಯ ಮೇಲಾಗಲಿ ಬಲಾತ್ಕಾರವಾಯಿತೆಂಬ ಸುದ್ದಿ ಹುಟ್ಟಿದಾಗ ಮೊದಲು ನಡೆಯುವದೇನೆಂದು ನೀವೆಲ್ಲರೂ ಬಲ್ಲಿರಿ. ಆ ಮನೆಯ ಬಾಗಿಲು ಮುಚ್ಚಿಕೊಳ್ಳುವದು. ನೆರೆಯವರು ದನಿ ತಗ್ಗಿಸುವರು. ಹಿರಿಯರು ಸಂಜೆಗೆ ಕೂಡಿಬಂದು, ಸಂಗತಿಯು ಊರ ಗಡಿ ದಾಟದಂತೆ ಏನು ಮಾಡೋಣವೆಂದು ಆಲೋಚಿಸುವರು. ಆಕೆ ನಾಲ್ಕು ದಿನ ಬಿಟ್ಟು ಬಾವಿಗೆ ಬಂದರೆ ಮಿಕ್ಕವರು ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಹೊರಡುವರು. ಆ ಕೃತ್ಯ ಮಾಡಿದವನೋ ಎಂದಿನಂತೆ ಅಂಗಡಿಕಟ್ಟೆಯ ಮೇಲೆ ಕೂತು ಬೀಡಿ ಸೇದುವನು. ಇಂಥಾ ಸಂಗತಿಯನ್ನು ಮನೆಮಂದಿಯೆಲ್ಲ ಓದುವ ಮಾಸಪತ್ರಿಕೆಯಲ್ಲಿ ಬರೆಯಬಹುದೋ ಎಂದು ಯಾರಾದರೂ ಕೇಳಿದರೆ, ಇಷ್ಟು ಕಾಲ ಬರೆಯದೆ ಇದ್ದದ್ದರಿಂದ ಯಾರಿಗೆ ಲಾಭವಾಯಿತೆಂದು ನಾನು ಮರಳಿ ಕೇಳುವೆನು.

ನಮ್ಮ ಮಾತುಗಳನ್ನೇ ಸ್ವಲ್ಪ ಪರೀಕ್ಷಿಸಿರಿ. ಮಾನಭಂಗವೆನ್ನುತ್ತೇವೆ. ಯಾರ ಮಾನ ಮುರಿಯಿತು? ಕಳ್ಳನು ಕನ್ನ ಕೊರೆದು ಒಡವೆ ಒಯ್ದರೆ ಮನೆಯ ಯಜಮಾನನ ಮಾನ ಹೋಯಿತೆಂದು ಯಾರೂ ಹೇಳುವದಿಲ್ಲ. ಕಳ್ಳನದು ಹೋಯಿತೆಂದೇ ಹೇಳುವರು. ಇಲ್ಲಿ ಮಾತ್ರ ಲೆಕ್ಕವು ತಿರುಗಿಬೀಳುತ್ತದೆ. ಶೀಲ ಕಳೆದುಕೊಂಡಳೆನ್ನುತ್ತೇವೆ, ಸಂತೆಗೆ ಹೋಗುವಾಗ ಸೆರಗಿನ ಗಂಟು ಸಡಿಲಿ ಕಾಸು ಬಿದ್ದುಹೋಯಿತೋ ಎಂಬಂತೆ! ಆಕೆ ಕೆಟ್ಟಳೆನ್ನುತ್ತೇವೆ, ಹಳಸಿದ ಅನ್ನಕ್ಕೂ ಕೊಳೆತ ಹಣ್ಣಿಗೂ ಅದೇ ಕ್ರಿಯಾಪದ. ಅಪರಾಧವನ್ನು ಮಾಡಿದವನು ಒಬ್ಬ, ನಾಚಿಕೆಯನ್ನು ಹೊರುವವಳು ಮತ್ತೊಬ್ಬಳು ಎಂಬ ಈ ಅನ್ಯಾಯವನ್ನು ನಾವು ದಿನದಿನವೂ ನಾಲಿಗೆಯಿಂದಲೇ ನಡಿಸುತ್ತಾ ಇದ್ದೇವೆ.

ಆದರೆ ಈ ಲೇಖನದಲ್ಲಿ ಮುಖ್ಯವಾಗಿ ವಿಚಾರಿಸತಕ್ಕ ಪ್ರಶ್ನೆ ಬೇರೆ. ಇಂಥಾ ಹಿಂಸೆಯನ್ನು ತಡೆಯುವದಕ್ಕೂ ಹಿಂಸೆಗೊಳಗಾದವರನ್ನು ಆದರಿಸುವದಕ್ಕೂ ಲಾಭದ ಆಶೆಯಿಲ್ಲದೆ ಒಂದು ಸಂಸ್ಥೆಯನ್ನು ಕಟ್ಟಿ ಅದರ ಮುಂದಾಳಾಗಿ ನಿಂತವನ ಕರ್ತವ್ಯವು ಎಲ್ಲಿಯ ತನಕ ಹೋಗುವದು? ಗಾಯ ಕಟ್ಟಿ ಕಳುಹಿಸಿಕೊಟ್ಟರೆ ತೀರಿತೋ? ಗಾಯಮಾಡುವ ಕೈಯನ್ನು ಹಿಡಿಯಲಿಕ್ಕೂ ಹೋಗಬೇಕೋ? ಹಿಡಿಯಹೋಗಿ ತನ್ನ ಸಂಗಡದವರ ಮೇಲೆ ಮರಣವನ್ನು ತಂದರೆ ಲೆಕ್ಕ ಒಪ್ಪಿಸತಕ್ಕವನು ಯಾರು? ಇದು ಬರೀ ತರ್ಕದಿಂದ ಬಿಡಿಸುವ ಗಂಟಲ್ಲ. ಆದಕಾರಣ ಆಫ್ರಿಕ ಖಂಡದ ಕಾಂಗೋ ದೇಶದಲ್ಲಿ ಈ ಪ್ರಶ್ನೆಯನ್ನು ತನ್ನ ಪ್ರಾಣವನ್ನೇ ಒತ್ತೆಯಿಟ್ಟು ಎದುರಿಸಿದ ಒಬ್ಬ ವೈದ್ಯರ ವೃತ್ತಾಂತವನ್ನು ಮುಂದಿಟ್ಟುಕೊಂಡು ಮಾತಾಡುವೆನು.

ಡೆನಿಸ್ ಮುಕ್ವೆಗೆಯವರು 1955ನೇ ಇಸವಿ ಮಾರ್ಚ್ 1ರಂದು ಕೀವು ಸರೋವರದ ತೆಂಕಣ ದಡದಲ್ಲಿರುವ ಬುಕಾವು ಪಟ್ಟಣದಲ್ಲಿ ಹುಟ್ಟಿದರು. ಆಗ ಆ ದೇಶವು ಬೆಲ್ಜಿಯಮಿನವರ ಆಳಿಕೆಯಲ್ಲಿತ್ತು. ತಂದೆಯು ಪೆಂತೆಕೊಸ್ತ ಸಭೆಯ ಪಾಲಕರು. ಒಂಭತ್ತು ಮಂದಿ ಮಕ್ಕಳಲ್ಲಿ ಇವರು ಮೂರನೆಯವರು. ಎಂಟು ವರುಷದ ಹುಡುಗನಾಗಿದ್ದಾಗ ಒಂದು ದಿನ ತಂದೆಯ ಸಂಗಡ ಕಾಯಿಲೆಬಿದ್ದ ಒಂದು ಕೂಸನ್ನು ನೋಡಲಿಕ್ಕೆ ಹೋಗಿದ್ದರಂತೆ. ತಂದೆ ಪ್ರಾರ್ಥನೆಮಾಡಿ ಹಿಂದಿರುಗುವಾಗ, ಔಷಧವನ್ನು ಯಾಕೆ ಕೊಡಲಿಲ್ಲವೆಂದು ಹುಡುಗನು ಕೇಳಿದನು. ಅದು ವೈದ್ಯರ ಕೆಲಸ, ನನ್ನದಲ್ಲ ಎಂದು ತಂದೆ ಉತ್ತರಕೊಟ್ಟರು. ಹಾಗಾದರೆ ನಾನು ಔಷಧ ಕೊಡುವವನಾಗುವೆನೆಂದು ಹುಡುಗನು ಅಂದೇ ನಿಶ್ಚಯಿಸಿದನು. ಕೆಲಸವು ಎಲ್ಲಿಗೆ ಮುಗಿಯುವದು, ಮತ್ತೊಬ್ಬರ ಕೆಲಸ ಎಲ್ಲಿ ಹಿಡಿಯುವದು ಎಂಬ ಪ್ರಶ್ನೆಯು ಹೀಗೆ ಬಹು ಚಿಕ್ಕಂದಿನಲ್ಲೇ ಆತನ ಬೆನ್ನುಹತ್ತಿತು.

ಬುರುಂಡಿ ದೇಶದಲ್ಲಿ ವೈದ್ಯಶಾಸ್ತ್ರವನ್ನೋದಿ 1983ರಲ್ಲಿ ತೇರ್ಗಡೆಹೊಂದಿ ಲೆಮೆರಾ ಎಂಬ ಹಳ್ಳಿಯ ಮಿಶನ್ ಆಸ್ಪತ್ರೆಗೆ ಬಂದರು. ಮಕ್ಕಳ ವೈದ್ಯನಾಗಬೇಕೆಂದು ಬಂದವರು ಹೆರಿಗೆಯ ನೋವಿನಲ್ಲಿ ದಿನಗಟ್ಟಲೆ ಹೊತ್ತು ತರಲ್ಪಟ್ಟು ದಾರಿಯಲ್ಲೇ ಅರೆಜೀವವಾದ ತಾಯಂದಿರನ್ನು ಕಂಡು ಮನಸ್ಸು ಬದಲಾಯಿಸಿ, ಫ್ರಾನ್ಸ್ ದೇಶಕ್ಕೆ ಹೋಗಿ ಸ್ತ್ರೀರೋಗ ಚಿಕಿತ್ಸೆಯನ್ನು ಕಲಿತು 1989ರಲ್ಲಿ ಅದೇ ಹಳ್ಳಿಗೆ ಹಿಂದಿರುಗಿದರು. 1996ನೇ ಇಸವಿ ಅಕ್ಟೋಬರ್ 6ರಂದು ಆಯುಧಧಾರಿಗಳು ಆ ಆಸ್ಪತ್ರೆಯ ಮೇಲೆ ಬಿದ್ದು ರೋಗಿಗಳನ್ನು ಹಾಸಿಗೆಯಲ್ಲೇ ಕೊಂದರು. ಆಸ್ಪತ್ರೆಯ ಸೇವಕರಲ್ಲಿಯೂ ಕೆಲವರು ಸತ್ತರು. ವೈದ್ಯರು ಬದುಕಿ ಉಳಿದರು. 1998ರಲ್ಲಿ ಬುಕಾವುವಿನಲ್ಲಿ ಡೇರೆ ಹಾಕಿ ಹೆರಿಗೆ ಆಸ್ಪತ್ರೆಯನ್ನು ತೊಡಗಿಸಿದರು. ಯುದ್ಧ ಬಂದು ಅದೂ ಹಾಳಾಯಿತು. ಮರುವರುಷ, ಅಂದರೆ 1999ರಲ್ಲಿ, ಆ ಪಟ್ಟಣದ ಪಾಂಜಿ ಎಂಬ ಕೇರಿಯಲ್ಲಿ ಮತ್ತೆ ತೊಡಗಿದರು. ಅದೇ ಪಾಂಜಿ ಆಸ್ಪತ್ರೆ. ಆ ದೇಶದ ಪೆಂತೆಕೊಸ್ತ ಸಭೆಗಳ ಅಧೀನದಲ್ಲಿ ಅದು ಸ್ಥಾಪಿಸಲ್ಪಟ್ಟಿತು. ಸ್ವೀಡನ್ ದೇಶದ ಸಭೆಗಳವರು ಅದಕ್ಕೆ ನೆರವು ನೀಡಿದರು.

ತಾಯಂದಿರು ಸುಖವಾಗಿ ಹೆರಲಿ ಎಂದು ಕಟ್ಟಿದ ಆಸ್ಪತ್ರೆಗೆ ಮೊದಲು ಬಂದವಳು ಬಸುರಿಯಾಗಿರಲಿಲ್ಲ. ಬಲಾತ್ಕಾರಕ್ಕೊಳಗಾದ ಮೇಲೆ ಗುಂಡಿನ ಏಟು ತಿಂದು ಸಾಯದೆ ಉಳಿದ ಒಬ್ಬ ಹೆಂಗಸು ಆಕೆ. ಇದು ಯಾರೋ ಒಬ್ಬ ಮತಿಗೆಟ್ಟವನ ಕೃತ್ಯವೆಂದು ವೈದ್ಯರು ನೆನಸಿದರು. ಮೂರು ತಿಂಗಳೊಳಗೆ ಅದೇ ತರದ ಕಥೆ ಹೇಳುವ 45 ಮಂದಿ ಬಂದರು. ಅನಂತರದ ವರುಷಗಳಲ್ಲಿ ಬಂದವರ ಲೆಕ್ಕ 50,000ಕ್ಕೂ ಮೀರಿತು. ಕೆಲವು ಮನೆಗಳಲ್ಲಿ ಮೊದಲು ತಾಯಿ ಬಂದಳು, ಬಹು ವರುಷಗಳ ಮೇಲೆ ಆಕೆಯ ಮಗಳು ಅದೇ ಗಾಯದಿಂದ ಅದೇ ಮೇಜಿನ ಮೇಲೆ ಮಲಗಿದಳು.

ಇದು ಯಾಕೆ ಹೀಗಾಯಿತೆಂದು ಓದುವವರಿಗೆ ಸಂಶಯ ಬರಬಹುದು. ರುವಾಂಡ ದೇಶದಲ್ಲಿ 1994ರಲ್ಲಿ ನಡೆದ ಮಹಾಹತ್ಯೆಯ ತರುವಾಯ ಯುದ್ಧವು ಗಡಿ ದಾಟಿ ಕಾಂಗೋವಿಗೆ ಬಂತು. 1996ರಲ್ಲಿ ಒಂದು ಯುದ್ಧ, 1998ರಿಂದ 2003ರ ವರೆಗೆ ಮತ್ತೊಂದು, ಆಮೇಲೆ ಸಣ್ಣ ದೊಡ್ಡ ದಂಡುಗಳ ಕಾದಾಟ. ಆ ಮಣ್ಣಿನಡಿಯಲ್ಲಿ ತವರವೂ ಚಿನ್ನವೂ ಕೋಲ್ಟಾನ್ ಎಂಬ ಅದಿರೂ ಉಂಟು. ಈ ಕೋಲ್ಟಾನಿನಿಂದ ತೆಗೆಯುವ ಲೋಹವು ನಮ್ಮ ನಿಮ್ಮ ಕಿಸೆಯ ಮೊಬೈಲು ಫೋನಿನೊಳಗೆ ಇರುತ್ತದೆ. ಒಂದು ಊರನ್ನು ಖಾಲಿಮಾಡಿಸಬೇಕಾದರೆ ತೋಟಾ ಬೇಕು, ತೋಟಾಕ್ಕೆ ಹಣ ಬೇಕು. ಗಂಡನ ಕಣ್ಣೆದುರು ಹೆಂಡತಿಯನ್ನು, ಮಕ್ಕಳ ಕಣ್ಣೆದುರು ತಾಯಿಯನ್ನು ಹಿಂಸಿಸುವದಕ್ಕೆ ಹಣ ಬೇಡ. ಆ ಮನೆಯವರು ಮರುದಿನ ಒಬ್ಬರ ಮುಖವನ್ನೊಬ್ಬರು ನೋಡಲಾರದೆ ಹೋಗುವರು. ಗಂಡನು ಒಂದು ದಿಕ್ಕಿಗೆ, ಹೆಂಡತಿ ಒಂದು ದಿಕ್ಕಿಗೆ. ಊರು ಮುರಿಯುವದು, ಭೂಮಿಯು ಆಯುಧ ಹಿಡಿದವನ ಪಾಲಾಗುವದು. ಇದನ್ನು ಕಾಮದ ಉದ್ರೇಕವೆಂದು ಹೇಳಿ ತೀರಿಸುವವರು ಸಂಗತಿಯ ತಲೆಯನ್ನೇ ತಿಳಿಯದವರು. ಅಲ್ಲಿ ಅದು ಲೆಕ್ಕಹಾಕಿ ಪ್ರಯೋಗಿಸಿದ ಆಯುಧ. ಇನ್ನೊಂದು ಮಾತನ್ನೂ ಗಮನಿಸಿರಿ: ಹೆಂಗಸಿನ ಮೇಲಾದ ಹಿಂಸೆಯಿಂದ ಆಕೆಯ ಮನೆಗೆ ನಾಚಿಕೆ ಎಂಬ ನಂಬಿಕೆ ಊರಿನಲ್ಲಿ ಮೊದಲೇ ಇಲ್ಲದಿದ್ದರೆ ಈ ಆಯುಧದ ಅಲಗು ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಅಂದರೆ ವೈರಿಯ ಕತ್ತಿಯನ್ನು ಊರಿನವರೇ ಮಸೆದುಕೊಟ್ಟ ಹಾಗಾಯಿತು.

ಪಾಂಜಿಯಲ್ಲಿ ಮೊದಲು ಕತ್ತರಿ ಸೂಜಿಗಳ ಕೆಲಸವೇ ಇತ್ತು. ಫಿಸ್ಟುಲಾ ಎಂಬ ಗಾಯದ ವಿಷಯ ನಮ್ಮ ಹಳ್ಳಿಗಳ ಸೂಲಗಿತ್ತಿಯರಿಗೂ ತಿಳಿಯದ್ದಲ್ಲ. ಮೂತ್ರಕೋಶಕ್ಕೂ ಜನನಮಾರ್ಗಕ್ಕೂ ನಡುವೆ ತೂತು ಬಿದ್ದು ನೀರು ಹಗಲಿರುಳೂ ಸೋರುತ್ತಾ ಇರುವದು. ತೀರಾ ಎಳೆಯ ವಯಸ್ಸಿನಲ್ಲಿ ಬಸುರಾಗಿ ಹೆರಿಗೆ ಅಡ್ಡಬಿದ್ದವರಿಗೂ ಇದು ಆಗುವದು, ಕ್ರೂರವಾದ ಬಲಾತ್ಕಾರದಿಂದಲೂ ಆಗುವದು. ವಾಸನೆಯ ನಿಮಿತ್ತ ಆಕೆಯನ್ನು ಗುಡಿಸಲಿನ ಹೊರಗೆ ಮಲಗಿಸುವರು. ದೇವರ ಆರಾಧನೆಗೆ ಬಂದರೂ ಪಕ್ಕದವರು ಎದ್ದುಹೋಗುವರು. ಇದನ್ನು ಹೊಲಿದು ಸರಿಪಡಿಸುವದರಲ್ಲಿ ಮುಕ್ವೆಗೆಯವರು ಲೋಕಪ್ರಸಿದ್ಧರಾದರು.

ಆದರೆ ಹೊಲಿದ ಗಾಯ ಮಾಯ್ದ ಮೇಲೂ ಕೆಲವರು ಹಾಸಿಗೆ ಬಿಟ್ಟು ಏಳಲಿಲ್ಲ. ರಾತ್ರಿ ಕಿರಿಚಿಕೊಳ್ಳುವವರ ಮನಸ್ಸನ್ನು ಸೂಜಿಯಿಂದ ಹೊಲಿಯಲಾಗುತ್ತದೋ? ಆದ್ದರಿಂದ ಕೂತು ಕೇಳುವವರನ್ನು, ಮನಸ್ಸಿಗೆ ಚಿಕಿತ್ಸೆ ಕೊಡುವವರನ್ನು ನೇಮಿಸಬೇಕಾಯಿತು. ಮನಸ್ಸು ತಿಳಿಯಾದವಳು ಊರಿಗೆ ಹೋಗಲಿಕ್ಕೆ ಒಪ್ಪಲಿಲ್ಲ. ಗಂಡನು ಬಿಟ್ಟಿದ್ದಾನೆ, ಹೊಲವಿಲ್ಲ, ಮಗುವಿಗೆ ತಂದೆ ಯಾರೆಂದು ಹೇಳುವಂತಿಲ್ಲ. ಹಾಗಾಗಿ ಹೊಲಿಗೆ, ನೆಯ್ಗೆ, ವ್ಯಾಪಾರ ಕಲಿಸುವ ಒಂದು ಮನೆಯನ್ನು ಕಟ್ಟಿ, ಯೊಪ್ಪ ಪಟ್ಟಣದಲ್ಲಿ ವಿಧವೆಯರಿಗೆ ಅಂಗಿಗಳನ್ನು ಹೊಲಿದುಕೊಡುತ್ತಿದ್ದ ದೊರ್ಕಳ ಹೆಸರನ್ನು ಅದಕ್ಕಿಟ್ಟರು. ಕಡೆಗೆ, ಅಪರಾಧಿಯು ಊರಿನಲ್ಲೇ ತಿರುಗುತ್ತಿರುವಾಗ ಆಕೆ ಹೇಗೆ ಹೋದಾಳು? ವಕೀಲರನ್ನೂ ಸೇರಿಸಿದರು. ಶರೀರ, ಮನಸ್ಸು, ಜೀವನೋಪಾಯ, ನ್ಯಾಯ ಎಂಬ ಈ ನಾಲ್ಕನ್ನು ಒಂದೇ ಚಾವಣಿಯ ಕೆಳಗೆ ತಂದದ್ದು ಪಾಂಜಿಯವರ ವಿಧಾನವೆಂದು ಈಗ ಬೇರೆ ದೇಶಗಳವರೂ ಕಲಿಯುತ್ತಾರೆ. ಒಂದೊಂದು ಕಂಬವನ್ನು ನಿಲ್ಲಿಸಿದ್ದು ಯಾವ ಪಂಡಿತರ ಸಲಹೆಯಿಂದಲೂ ಅಲ್ಲ, ಹಾಸಿಗೆಯಿಂದ ಏಳದ ಹೆಂಗಸೊಬ್ಬಳ ಮುಂದೆ ನಿಂತು, ಇನ್ನೇನು ಉಳಿದಿದೆ ಎಂದು ಕೇಳಿದ್ದರಿಂದ.

ಇಲ್ಲಿ ಪ್ರಾಸಂಗಿಕವಾಗಿ ಒಂದು ಮಾತು. ಇಂಥಾ ಹಿಂಸೆಯಾದ 72 ಗಂಟೆಗಳೊಳಗೆ ಆಸ್ಪತ್ರೆಗೆ ಬಂದರೆ ಎಚ್‌ಐವಿ ಸೋಂಕನ್ನು ತಡೆಯುವ ಔಷಧವನ್ನು ಕೊಡಲಿಕ್ಕಾಗುತ್ತದೆ. ಬೇಗ ಬಂದಷ್ಟೂ ಒಳ್ಳೇದು. ಬೇಡವಾದ ಬಸುರನ್ನು ತಡೆಯುವ ಔಷಧವೂ ಉಂಟು. ನಮ್ಮ ದೇಶದಲ್ಲಿ 2013ರ ಕಾನೂನಿನ ತಿದ್ದುಪಡಿಯಿಂದ ಸರ್ಕಾರದ್ದಾಗಲಿ ಖಾಸಗಿಯದ್ದಾಗಲಿ ಪ್ರತಿಯೊಂದು ಆಸ್ಪತ್ರೆಯೂ ಇಂಥವರಿಗೆ ಕೂಡಲೇ ಹಣ ಕೇಳದೆ ಚಿಕಿತ್ಸೆ ಮಾಡತಕ್ಕದ್ದು. ಹಿರಿಯರು ಸಂಜೆಗೆ ಕೂಡೋಣವೆನ್ನುತ್ತಾ, ನಾಳೆ ನೋಡೋಣವೆನ್ನುತ್ತಾ ಕಳೆಯುವ ಮೂರು ದಿನಗಳು ಈ ಮೂರು ದಿನಗಳೇ.

ಮುಖ್ಯ ಪ್ರಶ್ನೆಗೆ ಬರೋಣ. ನಾಲ್ಕು ಕಂಬಗಳೂ ನಿಂತವು, ಆದಾಗ್ಯೂ ಬಾಗಿಲ ಮುಂದಿನ ಸಾಲು ಕರಗಲಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯೊಳಗೆ ಇದಕ್ಕೆ ಪರಿಹಾರವಿಲ್ಲವೆಂದು ವೈದ್ಯರಿಗೆ ತಿಳಿಯಿತು. ಅವರು ದೇಶದೇಶಗಳಿಗೆ ಹೋಗಿ ಮಾತಾಡಲಿಕ್ಕೆ ಹೊರಟರು. 2012ನೇ ಇಸವಿ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನಿಂತು, ಅಪರಾಧಿಗಳನ್ನು ಶಿಕ್ಷಿಸದೆ ಬಿಟ್ಟ ತನ್ನ ದೇಶದವರನ್ನೂ ನೋಡಿಯೂ ನೋಡದಂತಿದ್ದ ಹೊರಗಿನವರನ್ನೂ ಖಂಡಿಸಿದರು. ತಿಂಗಳು ಕಳೆಯಿತು. ಅಕ್ಟೋಬರ್ 25ರ ಸಂಜೆ ಅವರು ಮನೆಗೆ ಬರುವಾಗ ಒಳಗೆ ಆಯುಧಧಾರಿಗಳು ಕಾದಿದ್ದರು. ಹೆಣ್ಣುಮಕ್ಕಳನ್ನು ಬಂದೂಕು ತೋರಿಸಿ ಕೂರಿಸಿದ್ದರು. ಬಹುಕಾಲದಿಂದ ಅವರ ಸಂಗಡವಿದ್ದ ಕಾವಲುಗಾರನು ಯಜಮಾನನನ್ನು ಎಚ್ಚರಿಸಬೇಕೆಂದು ಕೂಗಿಕೊಂಡು ಮುಂದೆ ಬಂದನು. ಅವನನ್ನು ಅಲ್ಲೇ ಕೊಂದರು. ವೈದ್ಯರು ನೆಲಕ್ಕೆ ಬಿದ್ದು ಉಳಿದರು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಐರೋಪ್ಯ ದೇಶಕ್ಕೆ ಹೊರಟುಹೋದರು.

ಈ ಕಾವಲುಗಾರನ ಮರಣದ ಹತ್ತಿರ ನಾನು ಬಹಳ ಹೊತ್ತು ನಿಂತಿದ್ದೇನೆ. ನ್ಯೂಯಾರ್ಕಿನಲ್ಲಿ ಮಾತಾಡಬೇಕೆಂದು ಆರಿಸಿಕೊಂಡವರು ವೈದ್ಯರು. ಅವನು ಆರಿಸಿಕೊಳ್ಳಲಿಲ್ಲ, ಬಾಗಿಲು ಕಾಯುವದು ಅವನ ಕೆಲಸವಾಗಿತ್ತು. ಮುಂದಾಳುವಿನ ಧೈರ್ಯಕ್ಕೆ ಬೆಲೆ ತೆರುವವನು ಯಾವಾಗಲೂ ಮುಂದಾಳುವೇ ಆಗಿರುವದಿಲ್ಲ. ಹಾಗಿದ್ದರೆ ಮಾತಾಡದೆ ಇದ್ದು, ಮೆಲ್ಲಗೆ ಗಾಯ ಹೊಲಿಯುತ್ತಾ ಇರುವದೇ ಸಂಗಡದವರ ಮೇಲಿನ ಪ್ರೀತಿಯಲ್ಲವೋ? ಇದು ಹಗುರವಾದ ಆಕ್ಷೇಪಣೆಯಲ್ಲ. ಸಂಸ್ಥೆ ನಡಿಸುವ ಅನೇಕ ಸಜ್ಜನರು ಇದೇ ಕಾರಣದಿಂದ ಮೌನವಾಗಿದ್ದಾರೆ, ಅವರನ್ನು ಹೇಡಿಗಳೆಂದು ಕರೆಯಲಿಕ್ಕೆ ದೂರದಲ್ಲಿ ಕೂತು ಬರೆಯುವ ನನಗೆ ಅಧಿಕಾರವಿಲ್ಲ.

ಆದರೆ ಮೌನದ ಬೆಲೆಯನ್ನೂ ಎಣಿಸಬೇಕು. ಎರಡನೆಯ ಸಮುವೇಲನ ಪುಸ್ತಕದಲ್ಲಿ ದಾವೀದನ ಮಗಳಾದ ತಾಮಾರಳ ವೃತ್ತಾಂತವುಂಟು. ಅದನ್ನು ನಾವು ಸಭೆಯಲ್ಲಿ ಓದುವದು ಅಪರೂಪ; ಭಾನುವಾರದ ಶಾಲೆಯಲ್ಲಂತೂ ಮುಟ್ಟುವದೇ ಇಲ್ಲ. ಅಮ್ನೋನನು ಕಾಯಿಲೆಯ ನೆವ ಮಾಡಿ ಮಲಗಿದನು. ತಂಗಿಯು ರೊಟ್ಟಿ ಮಾಡಿಕೊಡಲಿ ಎಂದು ಬೇಡಿದನು. ಅರಸನೇ ಆಕೆಯನ್ನು ಅಲ್ಲಿಗೆ ಕಳುಹಿಸಿದನು. ಆಕೆ ಬೇಡಿಕೊಂಡಳು, ವಾದಿಸಿದಳು, ನ್ಯಾಯದ ದಾರಿಯನ್ನು ತೋರಿಸಿದಳು, ಅವನು ಕೇಳಲಿಲ್ಲ. ಆಮೇಲೆ ಆಕೆಯನ್ನು ಹೊರಗೆ ನೂಕಿಸಿ ಬಾಗಿಲಿಗೆ ಅಗುಳಿ ಹಾಕಿಸಿದನು. ಆಕೆ ಸುಮ್ಮನಿರಲಿಲ್ಲ. ತಲೆಯ ಮೇಲೆ ಬೂದಿ ಹಾಕಿಕೊಂಡು, ಬಟ್ಟೆ ಹರಿದುಕೊಂಡು, ಎಲ್ಲರ ಎದುರಿನಲ್ಲಿ ಗಟ್ಟಿಯಾಗಿ ಅಳುತ್ತಾ ಬೀದಿಯಲ್ಲಿ ನಡೆದಳು. ಸುಮ್ಮನಿರೆಂದು ಹೇಳಿದವನು ಆಕೆಯ ಸ್ವಂತ ಅಣ್ಣನಾದ ಅಬ್ಷಾಲೋಮನು. ಅರಸನಾದ ದಾವೀದನಿಗೆ ಇದೆಲ್ಲಾ ತಿಳಿದಾಗ ಕೋಪ ಬಂತೆಂದು ಕಾಣುತ್ತೇವೆ. ಏನನ್ನಾದರೂ ಮಾಡಿದನೆಂಬ ಮಾತು ಮಾತ್ರ ಎಲ್ಲಿಯೂ ಇಲ್ಲ. ಎರಡು ವರುಷ ಆ ಮನೆಯಲ್ಲಿ ಮೌನವಿತ್ತು. ಮೌನವು ಯಾರನ್ನೂ ಕಾಯಲಿಲ್ಲ. ಎರಡು ವರುಷದ ಮೇಲೆ ಅಣ್ಣನೇ ಅಣ್ಣನನ್ನು ಕೊಲ್ಲಿಸಿದನು, ಆ ಬಳಿಕ ಮಗನು ತಂದೆಯ ಮೇಲೆ ದಂಡೆತ್ತಿದನು. ಒಂದು ಮನೆಗೆ, ಒಂದು ರಾಜ್ಯಕ್ಕೆ ಮುಖ್ಯನಾದವನು ಕೋಪಗೊಂಡು ಸುಮ್ಮನಾದರೆ ಸಾಲದೆಂದು ತಿಳಿಯುವದಕ್ಕೆ ಇದಕ್ಕಿಂತ ಹೆಚ್ಚಿನ ಪಾಠ ಬೇಕಾಗಿಲ್ಲ. ಮೌನವಾಗಿದ್ದರೆ ಕಾವಲುಗಾರನು ಉಳಿಯುತ್ತಿದ್ದನೇನೋ. ಬಾಗಿಲ ಮುಂದಿನ ಸಾಲಿನಲ್ಲಿದ್ದ ಮುಂದಿನವಳು ಉಳಿಯುತ್ತಿರಲಿಲ್ಲ. ಈ ಎರಡು ಪ್ರಾಣಗಳನ್ನು ತಕ್ಕಡಿಯಲ್ಲಿಟ್ಟು ತೂಗಲಿಕ್ಕೆ ನನಗೆ ತಿಳಿಯದು. ಸಂಗಡದವರಿಗೆ ಅಪಾಯವನ್ನು ಮೊದಲೇ ತಿಳಿಸಿ, ಇರುವದೂ ಹೋಗುವದೂ ಅವರ ಇಷ್ಟಕ್ಕೆ ಬಿಡುವದು ಮುಂದಾಳುವಿನ ಮೇಲಿರುವ ಸಾಲವೆಂದಷ್ಟನ್ನು ಮಾತ್ರ ಧೈರ್ಯವಾಗಿ ಹೇಳುವೆನು.

ಮಾತಾಡುವದರಲ್ಲಿ ಇನ್ನೊಂದು ಬೇರೆ ತರದ ಅಪಾಯವೂ ಉಂಟು, ಅದನ್ನು ನಾವು ಸಾಕಷ್ಟು ಗಮನಿಸುವದಿಲ್ಲ. ಇಂಥಾ ಸಂಸ್ಥೆ ನಡೆಯಬೇಕಾದರೆ ಹಣ ಬೇಕು. ಹಣ ಕೊಡುವವರು ಕಥೆ ಕೇಳುತ್ತಾರೆ, ಭಾವಚಿತ್ರ ಕೇಳುತ್ತಾರೆ. ಹೆಚ್ಚು ಕಣ್ಣೀರು ತರಿಸುವ ಕಥೆಗೆ ಹೆಚ್ಚು ಕಾಣಿಕೆ. ಆಗ ಮುಂದಾಳುವು ತಿಳಿಯದೆಯೇ ಗಾಯಗಳ ವ್ಯಾಪಾರಿಯಾಗುವನು. ಒಬ್ಬಳು ತನ್ನ ನೋವನ್ನು ಒಮ್ಮೆ ವೈದ್ಯನಿಗೆ, ಒಮ್ಮೆ ಪೊಲೀಸಿಗೆ, ಒಮ್ಮೆ ವಕೀಲನಿಗೆ, ಆಮೇಲೆ ಬಂದಬಂದ ಅತಿಥಿಗೆಲ್ಲಾ ಹೇಳಬೇಕಾದರೆ ಆ ಗಾಯ ಮಾಯುವದು ಯಾವಾಗ? ನಮ್ಮ ದೇಶದ ದಂಡಸಂಹಿತೆಯಲ್ಲಿ 1983ರಿಂದಲೂ ಇಂಥವರ ಹೆಸರನ್ನೂ ಗುರುತನ್ನೂ ಪ್ರಕಟಿಸುವದು ಅಪರಾಧವೆಂದಿತ್ತು. 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಹಾಗೆಯೇ ಇದೆ. ಕಾನೂನು ಇಷ್ಟನ್ನು ಕಾಯುತ್ತದೆ. ಸಾಕ್ಷಿ ಹೇಳು ಎಂದು ಪ್ರೀತಿಯಿಂದಲೇ ಒತ್ತಾಯಿಸುವವರಿಂದ ಆಕೆಯನ್ನು ಕಾಯತಕ್ಕವನು ಮುಂದಾಳುವೇ. ತಾನಾಗಿ ಎದ್ದುನಿಂತು ಮಾತಾಡುವವಳ ವಿಷಯ ಬೇರೆ. 2018ರಲ್ಲಿ ಮುಕ್ವೆಗೆಯವರ ಸಂಗಡ ನೊಬೆಲ್ ಶಾಂತಿ ಬಹುಮಾನವನ್ನು ಹಂಚಿಕೊಂಡ ಇರಾಕ್ ದೇಶದ ನಾದಿಯಾ ಮುರಾದರು ತನ್ನ ಹೆಸರಿನಿಂದಲೇ ತನ್ನ ಸಂಗತಿಯನ್ನು ಲೋಕಕ್ಕೆ ಹೇಳಿದರು. ಆ ಬಹುಮಾನವು ಕಟ್ಟಿದವನಿಗೂ ಕಟ್ಟಿಸಿಕೊಂಡವಳಿಗೂ ಸಮವಾಗಿ ಸಂದದ್ದು ನನಗೆ ಬಹಳ ಸರಿಯೆಂದು ತೋರುತ್ತದೆ. ಮರುವರುಷ ಅವರಿಬ್ಬರೂ ಕೂಡಿ, ಬದುಕಿ ಉಳಿದವರಿಗೆ ಪರಿಹಾರ ದೊರಕಿಸುವ ಒಂದು ನಿಧಿಯನ್ನು ಸ್ಥಾಪಿಸಿದರು.

ಬುಕಾವುವಿನಲ್ಲೇ 2011ರಲ್ಲಿ ಸಂತೋಷದ ನಗರವೆಂಬ ಅರ್ಥದ ಹೆಸರಿನಿಂದ ಒಂದು ಮನೆ ತೆರೆಯಿತು. ಅದನ್ನು ನಡಿಸಿದವರು ಕ್ರಿಸ್ಟಿನ್ ಶುಲೆರ್ ಡೆಶ್ರಿವೆರ್ ಎಂಬ ಕಾಂಗೋ ದೇಶದ ಸ್ತ್ರೀ. ನಿಮಗೆ ಬೇಕಾದ್ದೇನೆಂದು ಅಲ್ಲಿಯ ಹೆಂಗಸರನ್ನೇ ಕೇಳಿ ಕಟ್ಟಿದ ಮನೆ ಅದು. ಆರಾರು ತಿಂಗಳಿಗೆ 90 ಮಂದಿ ಯುವತಿಯರು ಅಲ್ಲಿರುವರು. ಓದು ಬರಹ, ಬೇಸಾಯ, ತನ್ನನ್ನು ತಾನು ಕಾಪಾಡಿಕೊಳ್ಳುವ ವಿದ್ಯೆ, ಕಾನೂನಿನ ತಿಳಿವಳಿಕೆ ಇವುಗಳನ್ನು ಕಲಿತು ಊರಿಗೆ ಹಿಂದಿರುಗಿ ಇತರರಿಗೆ ಮುಂದಾಳುಗಳಾಗಬೇಕೆಂಬದು ಉದ್ದೇಶ. ಇಂಥಾ ಕೆಲಸಕ್ಕೆ ಒಳ್ಳೆಯ ಮುಂದಾಳುವಿನ ಗುರುತನ್ನು ಯಾರಾದರೂ ಕೇಳಿದರೆ, ಅವನ ಬಳಿಗೆ ಅಳುತ್ತಾ ಬಂದವಳು ಕೆಲವು ವರುಷಗಳ ಮೇಲೆ ಎಲ್ಲಿ ಕೂತಿದ್ದಾಳೆಂದು ನೋಡಿರಿ ಎನ್ನುವೆನು. ಹಾಸಿಗೆಯ ಮೇಲೋ, ಲೆಕ್ಕದ ಮೇಜಿನ ಮುಂದೋ?

ತಡೆಯುವದರ ವಿಷಯ ಒಂದು ಮಾತು ಹೇಳಲೇಬೇಕು. ಬುಕಾವುವಿನಿಂದ ಸ್ವಲ್ಪ ದೂರದಲ್ಲಿ ಕವುಮು ಎಂಬ ಊರುಂಟು. ಅಲ್ಲಿ 2013ರಿಂದ 2016ರ ವರೆಗೆ ಸುಮಾರು 40 ಮಂದಿ ಎಳೆಯ ಹುಡುಗಿಯರು, ಅವರಲ್ಲಿ ಹಸುಗೂಸುಗಳೂ ಕೂಡ, ರಾತ್ರಿಯಲ್ಲಿ ಮನೆಗಳಿಂದ ಎತ್ತಿಕೊಂಡು ಹೋಗಲ್ಪಟ್ಟು ಹಿಂಸಿಸಲ್ಪಟ್ಟರು. ಕನ್ನೆಯರ ರಕ್ತವು ಗುಂಡಿನಿಂದ ಕಾಯುವದೆಂಬ ಮಂತ್ರವಾದಿಯ ಮಾತನ್ನು ನಂಬಿದ ಒಂದು ದಂಡಿನವರ ಕೆಲಸ ಇದು. ಆ ದಂಡಿಗೆ ಯೇಸುವಿನ ಸೈನ್ಯವೆಂದು ಹೆಸರಿತ್ತು! ಇದನ್ನು ಬರೆಯುವಾಗ ನನ್ನ ಕೈ ನಿಂತಿತು. ಅವರ ನಾಯಕನು ಪ್ರಾಂತದ ಶಾಸನಸಭೆಯ ಸದಸ್ಯನಾಗಿದ್ದನು, ಆದ್ದರಿಂದ ಬಹುಕಾಲ ಯಾರೂ ಮುಟ್ಟಲಿಲ್ಲ. ಪಾಂಜಿಯ ವೈದ್ಯರು ಒಂದೊಂದು ಮಗುವಿನ ಗಾಯವನ್ನು ಕ್ರಮವಾಗಿ ಬರೆದಿಟ್ಟರು. ಮಕ್ಕಳನ್ನು ನ್ಯಾಯಸ್ಥಾನದಲ್ಲಿ ನಿಲ್ಲಿಸದೆ ಅವರ ಮಾತುಗಳನ್ನು ಮೊದಲೇ ಮುದ್ರಿಸಿಕೊಂಡ ದೃಶ್ಯಗಳಿಂದ ಕೇಳಿದರು. 2017ನೇ ಇಸವಿ ಡಿಸೆಂಬರಿನಲ್ಲಿ ಆ ಸದಸ್ಯನಿಗೂ ಇತರ 10 ಮಂದಿಗೂ ಮನುಷ್ಯತ್ವದ ವಿರುದ್ಧವಾದ ಅಪರಾಧಕ್ಕಾಗಿ ಜೀವಾವಧಿ ಸೆರೆಯಾಯಿತು. ಮರುವರುಷ ಮೇಲಿನ ನ್ಯಾಯಸ್ಥಾನವೂ ಅದನ್ನು ಎತ್ತಿಹಿಡಿಯಿತು. ಸೂಜಿ ಹಿಡಿದ ಕೈಯೇ ಲೇಖನಿಯನ್ನೂ ಹಿಡಿದದ್ದರಿಂದ ಇದು ಸಾಧ್ಯವಾಯಿತು. ಗಾಯ ಕಟ್ಟುವದೂ ಕೈ ತಡೆಯುವದೂ ಎರಡು ಕೆಲಸಗಳೆಂದು ಮೊದಲು ನಾನೂ ಭಾವಿಸಿದ್ದೆನು; ಈ ಸಂಗತಿಯನ್ನು ತಿಳಿದ ಮೇಲೆ ಆ ಭಾವನೆ ಸಡಿಲಿತು.

ಆ ದೇಶದಲ್ಲಿಯೂ ಅಪರಾಧಿಯ ಕಡೆಯವರು ಒಂದು ಆಡನ್ನೋ ಸ್ವಲ್ಪ ಹಣವನ್ನೋ ಕೊಟ್ಟು ತಂದೆಯ ಸಂಗಡ ರಾಜಿಯಾಗುವ ವಾಡಿಕೆಯುಂಟು. ಹುಡುಗಿಯನ್ನು ಅವನಿಗೇ ಮದುವೆಮಾಡಿಕೊಡುವದೂ ಉಂಟು. ನಮ್ಮ ಊರುಗಳಲ್ಲಿ ಇಂಥಾ ಪಂಚಾಯತಿ ನಡೆದದ್ದೇ ಇಲ್ಲವೆಂದು ಯಾರು ಹೇಳಬಲ್ಲರು? ಬಲಾತ್ಕಾರದ ಸಂಗತಿಯಲ್ಲಿ ರಾಜಿಗೆ ಎಡೆಯೇ ಇಲ್ಲವೆಂದೂ ಮದುವೆಯ ಮಾತಿನಿಂದ ಅದನ್ನು ತೀರಿಸಕೂಡದೆಂದೂ ನಮ್ಮ ಸುಪ್ರೀಂ ಕೋರ್ಟು 2015ರಲ್ಲಿ ಖಂಡಿತವಾಗಿ ಹೇಳಿತು. ಸಮಾಧಾನಪಡಿಸುವದು ಒಳ್ಳೇ ಕೆಲಸವೆಂದು ಹಿರಿಯರು ಮಾಡುತ್ತಾರೆ, ಅವರ ಮನಸ್ಸು ಕೆಟ್ಟದ್ದಲ್ಲವೆಂದೂ ನಾನು ಒಪ್ಪುವೆನು. ಆದರೆ ಯಾರ ಮೇಲೆ ಹಿಂಸೆಯಾಯಿತೋ ಆಕೆಯನ್ನು ಕೇಳದೆ ಆಕೆಯ ತಂದೆಗೂ ಅವನ ತಂದೆಗೂ ನಡುವೆ ಆಗುವ ಸಮಾಧಾನವು ಯಾರ ಸಮಾಧಾನ? 2017ರಲ್ಲಿ ನಮೀಬಿಯ ದೇಶದ ವಿಂಡ್‌ಹುಕ್ ಪಟ್ಟಣದಲ್ಲಿ ಲೋಕದ ಲುಥೆರನ್ ಸಭೆಗಳವರು ಕೂಡಿಬಂದಾಗ ಮುಕ್ವೆಗೆಯವರನ್ನು ಮಾತಾಡಲಿಕ್ಕೆ ಕರೆದರು. ಸಭೆಗಳು ಸ್ತ್ರೀಯರ ಮೇಲಣ ಹಿಂಸೆಯ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರಬಾರದೆಂದು ಅವರು ಅಲ್ಲಿ ಮುಚ್ಚುಮರೆಯಿಲ್ಲದೆ ಕೇಳಿಕೊಂಡರು. ಪಾಲಕರ ಮಗನು ಪಾಲಕರಿಗೆ ಹೇಳಿದ ಮಾತಾದ್ದರಿಂದ ಅದಕ್ಕೆ ತೂಕ ಹೆಚ್ಚು.

ಅವರು ಮಾಡಿದ್ದೆಲ್ಲವೂ ಸರಿಯೆಂದು ನಾನು ಹೇಳುವದಿಲ್ಲ. 2023ರ ಡಿಸೆಂಬರಿನಲ್ಲಿ ದೇಶದ ಅಧ್ಯಕ್ಷಪದವಿಗೆ ನಿಂತು, ಬಹು ಕಡಿಮೆ ಮತಗಳನ್ನು ಪಡೆದು ಸೋತರು. ವೈದ್ಯನು ಕತ್ತರಿ ಬಿಟ್ಟು ಕುರ್ಚಿಗೆ ಹೋದನೆಂದು ಕೆಲವರು ನಕ್ಕರು. ನೂರಕ್ಕೆ ಒಂದು ಮತವನ್ನೂ ಕೊಡದ ಜನರು ಅವರನ್ನು ಪ್ರೀತಿಸಲಿಲ್ಲವೆಂದು ಇದರಿಂದ ಎಣಿಸಕೂಡದು. ಆಸ್ಪತ್ರೆಯ ಬಾಗಿಲಲ್ಲಿ ಸಂಪಾದಿಸಿದ ವಿಶ್ವಾಸವು ಬೇರೆ, ರಾಜ್ಯದ ವ್ಯವಹಾರವು ಬೇರೆ. ಗಾಯ ಕಟ್ಟುವವನ ಕರ್ತವ್ಯಕ್ಕೆ ಒಂದು ಎಲ್ಲೆಯಿದ್ದರೆ ಅದು ಬಹುಶಃ ಇಲ್ಲಿ ಎಲ್ಲೋ ಇರಬೇಕು. ಆದರೂ ಖಚಿತವಾಗಿ ಗೆರೆ ಎಳೆಯಲಾರೆನು. 2025ರ ಫೆಬ್ರವರಿಯಲ್ಲಿ ಬುಕಾವು ಪಟ್ಟಣವು ಎಂ23 ಎಂಬ ದಂಡಿನವರ ವಶವಾಯಿತು. ಅಲ್ಲಿಯ ಹೆಂಗಸರ ಕಷ್ಟವು ತೀರಿತೆಂದು ಹೇಳುವ ದಿನ ಇನ್ನೂ ಬಂದಿಲ್ಲ.

ಕಾವಲುಗಾರನು ಸತ್ತು ವೈದ್ಯರು ದೇಶ ಬಿಟ್ಟುಹೋದರೆಂದು ಮೇಲೆ ಬರೆದೆನಲ್ಲಾ, ಅದರ ಮುಂದಿನ ಭಾಗವನ್ನು ಹೇಳದೆ ಬಿಟ್ಟಿದ್ದೇನೆ. ಅವರು ಹೋದ ಮೇಲೆ ಆಸ್ಪತ್ರೆಯಲ್ಲಿ ಕಾದಿದ್ದ ಹೆಂಗಸರು ಕೂಡಿಬಂದರು. ದೊಡ್ಡವರಿಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ದಿನಕ್ಕೆ ಒಂದು ಡಾಲರಿನ ಸಂಪಾದನೆಯೂ ಇಲ್ಲದವರು ಅವರು. ಹೊಲದಲ್ಲಿ ಬೆಳೆದ ಅನಾನಸನ್ನೂ ಈರುಳ್ಳಿಯನ್ನೂ ಬುಟ್ಟಿಯಲ್ಲಿ ಹೊತ್ತು ಮಾರಿ, ವೈದ್ಯರು ಹಿಂದಿರುಗಿ ಬರುವದಕ್ಕೆ ವಿಮಾನದ ಚೀಟಿಗೆ ಬೇಕಾದ ಹಣವನ್ನು ಕೂಡಿಸತೊಡಗಿದರು. ನಿನ್ನನ್ನು ಕಾಯಲಿಕ್ಕೆ ಸರ್ಕಾರದವರಿಗೆ ಆಗದಿದ್ದರೆ ನಾವೇ ಸರದಿಯ ಮೇಲೆ ರಾತ್ರಿ ಕಾವಲು ಕೂರುತ್ತೇವೆಂದು ಹೇಳಿಕಳುಹಿಸಿದರು. 2013ನೇ ಇಸವಿ ಜನವರಿ 14ರಂದು ಮುಕ್ವೆಗೆಯವರು ಕವುಮುವಿನ ವಿಮಾನ ನಿಲ್ದಾಣದಲ್ಲಿ ಇಳಿದಾಗ ಅಲ್ಲಿಂದ ಬುಕಾವುವಿನ ತನಕ ದಾರಿಯುದ್ದಕ್ಕೂ ಜನರು ನಿಂತಿದ್ದರು. ಆ ಮೇಲೆ ಹಲವು ವರುಷ ಅವರು ಆಸ್ಪತ್ರೆಯ ಆವರಣದೊಳಗೇ ವಾಸಮಾಡಿದರು. ವಿಶ್ವಸಂಸ್ಥೆಯ ಸಿಪಾಯಿಗಳು ಹೊರಗೆ ಕಾವಲಿದ್ದರು, ಒಳಗೆ ಮರುದಿನ ಬೆಳಿಗ್ಗೆಯ ಶಸ್ತ್ರಚಿಕಿತ್ಸೆಗೆ ಹೆಂಗಸರು ಸಾಲಾಗಿ ಕೂತಿದ್ದರು.